ಮೂವತ್ತೈದು ಗ್ರಾಂ

ಜನವರಿ ೯

ಗುಬ್ಬಿ,

ನಾನು ಕ್ಷೇಮ ಎಂದು ಮೊದಲ ಸಾಲಿನಲ್ಲಿ ಬರೆಯಬೇಕು, ಬರೆದಿದ್ದೇನೆ ಅಂದುಕೋ. ವಾರಕ್ಕೆ ಎರಡೇ ಹಾಳೆ ಕೊಡುತ್ತಾರೆ. ಜೈಲಿನ ಸಮಾಚಾರಕ್ಕೆ ಅದನ್ನು ದಂಡ ಮಾಡಲಾರೆ.

ಲ್ಯಾಪ್‌ಟಾಪು ಬಿದ್ದ ಸುದ್ದಿ ಓದಿ ತಲೆ ಚಿಟ್ಟು ಹಿಡಿಯಿತು. ಕೀಬೋರ್ಡಿನ ವೈರು ಅಮ್ಮನ ಗಾಲಿಕುರ್ಚಿಗೆ ಸುತ್ತಿಕೊಳ್ಳುತ್ತದೆ ಅಂತ ನಿನಗೆ ಹೊಳೆಯಬೇಡವೇನೇ? ಹೋಗಲಿ, ಇಲ್ಲಿಂದ ಬೈದು ಏನು ಬಂತು. ಇಪ್ಪತ್ತೆರಡು ವರ್ಷ ಅಂಗಡಿ ಇಟ್ಟುಕೊಂಡು ಕಂಡವರ ಕೀಬೋರ್ಡನ್ನೆಲ್ಲ ಬಿಚ್ಚಿ ಜೋಡಿಸಿದವನು, ಸ್ವಂತ ಹೆಂಡತಿಗೆ ಒಂದು ಬೇಕಾದಾಗ ಇಲ್ಲಿ ಕೂತು ಬೆಡ್‌ಶೀಟು ಮಡಚುತ್ತಿದ್ದೇನೆ.

ಅವಳ ಮಾತು ನಿಂತು ವರ್ಷವಾಯಿತು. ಇಲ್ಲಿ ಭೇಟಿಗೆ ಬಂದವರು ಗಾಜಿನ ಆಚೆ ಕೂತು ಫೋನು ಹಿಡಿಯಬೇಕು. ಮಾತಿಲ್ಲದವಳು ಫೋನು ಹಿಡಿದು ಏನು ಮಾಡುತ್ತಾಳೆ? ನನಗೆ ಅವಳು ಸಿಗುವುದು ಕಾಗದದಲ್ಲಿ ಮಾತ್ರ. ಈಗ ನರದ ಕಾಯಿಲೆ ಬೆರಳಿಗೂ ಇಳಿದಿದೆ ಎಂದು ಡಾಕ್ಟರು ಹೇಳಿದರೆಂದು ಬರೆದಿದ್ದೀಯ. ನನ್ನ ಬಿಡುಗಡೆಗೆ ಇನ್ನು ಹನ್ನೊಂದು ತಿಂಗಳು. ಅಲ್ಲಿಯವರೆಗೆ ಅವಳ ಕಾಗದ ನಿಲ್ಲಬಾರದು. ಅಷ್ಟು ಮಾಡು, ಇನ್ನೇನೂ ಕೇಳುವುದಿಲ್ಲ.

ಸರಿಯಾಗಿ ಕೇಳಿಸಿಕೋ. ವೈರ್‌ಲೆಸ್ ಬೇಕು, ಅದು ಗೊತ್ತಾಯಿತಲ್ಲ. ಲ್ಯಾಪ್‌ಟಾಪನ್ನು ಎತ್ತರದಲ್ಲಿ ಇಟ್ಟುಬಿಡು, ಕೀಬೋರ್ಡು ಅವಳ ತೊಡೆಯ ದಿಂಬಿನ ಮೇಲಿರಲಿ. ಮೆಕ್ಯಾನಿಕಲ್ಲೇ ಆಗಬೇಕು. ರಬ್ಬರಿನ ಕೀ ತಳ ಮುಟ್ಟುವವರೆಗೆ ಒತ್ತಬೇಕು. ಇದರಲ್ಲಿ ಪ್ರತಿ ಕೀ ಕೆಳಗೂ ಒಂದೊಂದು ಸ್ವಿಚ್ಚು, ಅದರೊಳಗೆ ಸ್ಪ್ರಿಂಗು, ಅರ್ಧ ಒತ್ತಿದರೂ ಅಕ್ಷರ ಬಿದ್ದಿರುತ್ತದೆ. ಚಿತ್ರ ಬರೆದಿದ್ದೇನೆ ನೋಡು. ನೀಲಿ ಸ್ವಿಚ್ಚಿಗೆ ಅರವತ್ತು ಗ್ರಾಂ ಭಾರ ಬೇಕು, ಟಕ್ ಎನ್ನುತ್ತದೆ. ಕೆಂಪಿಗೆ ನಲವತ್ತೈದು, ಸದ್ದಿಲ್ಲ. ಬಿಳಿಗೆ ಮೂವತ್ತೈದು. ಸ್ವಿಚ್ಚನ್ನು ಕಿತ್ತು ಬೇರೆ ಹಾಕಲು ಬರುವಂಥದ್ದನ್ನೇ ತಗೋ, ಇದನ್ನು ಮರೆತೀಯ. ಬಲಗಡೆ ಅಂಕಿಗಳ ಪಟ್ಟಿ ಬೇಡ, ದಿಂಬಿನಿಂದ ಆಚೆ ಚಾಚುತ್ತದೆ. ಬಣ್ಣಬಣ್ಣದ ಲೈಟು ತೋರಿಸಿ ಮರುಳು ಮಾಡಲು ಬರುತ್ತಾರೆ, ಬಗ್ಗಬೇಡ.

ಮೊದಲು ಅಡುಗೆಮನೆಯ ತೂಕದ ಯಂತ್ರವನ್ನು ಅವಳ ಮುಂದಿಟ್ಟು, ಒಂದೊಂದು ಬೆರಳಿಗೂ ಎಷ್ಟು ಗ್ರಾಂ ಒತ್ತಲಾಗುತ್ತದೆ ನೋಡಿ ಬರೆ.

ಇನ್ನೊಂದು. ಒಳಗೆ ಬ್ಯಾಟರಿ ಕೂರಿಸಿ ಚಾರ್ಜು ಮಾಡುವಂಥದ್ದು ನಮ್ಮ ಮನೆಗೆ ಬೇಡ. ಪೆನ್ಸಿಲ್ ಸೆಲ್ ಹಾಕುವಂಥದ್ದು ತಾ. ಬ್ಯಾಟರಿಯಿಂದಲೇ ನಾನು ಇಲ್ಲಿ ಬಂದು ಕೂತಿರುವುದು.

ನಿನ್ನ
ಅಪ್ಪ


ಜನವರಿ ೨೫

ಅಪ್ಪಾ,

ನಿನ್ನ ಕಾಗದದಲ್ಲಿ ಒಂದು ಕಿಟಕಿ ಇತ್ತು! ಸ್ವಿಚ್ಚಿನ ಚಿತ್ರವನ್ನು ಅಲ್ಲಿಯವರು ಕತ್ತರಿಸಿ ತೆಗೆದಿದ್ದಾರೆ. 'ವೈರ್‌ಲೆಸ್' ಎಂದಿರುವ ಕಡೆ ಕೆಂಪು ಗೆರೆ. ಜೈಲಿನೊಳಗಿಂದ ವೈರ್‌ಲೆಸ್ ತಗೋ, ಸ್ಪ್ರಿಂಗ್ ನೋಡು ಎಂದು ಬರೆದರೆ ಅವರಾದರೂ ಏನು ಮಾಡುತ್ತಾರೆ ಹೇಳು. ಆ ತೂತನ್ನು ಅಮ್ಮನ ಕಣ್ಣಿಗೆ ಹಿಡಿದೆ. ತುಂಬ ದಿನದ ಮೇಲೆ ನಕ್ಕಳು.

ತೂಕ ಆಯಿತು. ತೋರುಬೆರಳು ಎಪ್ಪತ್ತೆರಡು, ನಡುಬೆರಳು ಎಪ್ಪತ್ತು, ಕಿರುಬೆರಳೂ ಅರವತ್ತು ದಾಟಿತು. ನಿನ್ನ ಟೀಚರಮ್ಮ ಫಸ್ಟ್ ಕ್ಲಾಸಲ್ಲಿ ಪಾಸು.

ಅಂಗಡಿಯವನು ಏಳು ಬಣ್ಣದ ದೀಪ ಹಚ್ಚಿ, "ಯಾವ ಗೇಮ್ ಆಡ್ತೀರಾ ಮೇಡಂ?" ಅಂದ. "ಗೇಮ್ ಇಲ್ಲ, ನಮ್ಮಮ್ಮ ಮಾತಾಡೋಕೆ" ಅಂದೆ. ಪಾಪ, ಆಮೇಲೆ ದೀಪ ಆರಿಸಿ ಸುಮ್ಮನೆ ಒಂದೊಂದೇ ತೆಗೆದು ಇಟ್ಟ. ಎಲ್ಲವನ್ನೂ ಒತ್ತಿ ನೋಡಿ ನೀಲಿಯದು ತಂದೆ. ಪೆನ್ಸಿಲ್ ಸೆಲ್ ಎರಡು. ಅಂಕಿ ಪಟ್ಟಿ ಇಲ್ಲ. ಸ್ವಿಚ್ಚು ಕೀಳಬಹುದು. ಬೈಯಲು ಏನಾದರೂ ಉಳಿದಿದ್ದರೆ ಹೇಳು.

ಅಮ್ಮ ಒಂದು ಕಾನೂನು ಮಾಡಿದ್ದಾಳೆ. ವಾರವಿಡೀ ಅವಳು ಟೈಪ್ ಮಾಡಿದ್ದನ್ನು ಶನಿವಾರ ನಾನು ಪ್ರಿಂಟ್ ತೆಗೆದು, ಮಗುಚಿಟ್ಟು, ಮಡಚಿ ಲಕೋಟೆಗೆ ಹಾಕಬೇಕು. ಓದುವ ಹಾಗಿಲ್ಲ. ಗಂಡ ಹೆಂಡತಿ ನಡುವೆ ಮೂಗು ತೂರಿಸುವ ಆಸೆ ನನಗೂ ಇಲ್ಲ ಬಿಡು.

ಕನ್ನಡಕದ ಅಂಗಡಿಯಲ್ಲಿ ಈಗ ಬರೀ ಲೆನ್ಸ್ ಉಜ್ಜುವ ಕೆಲಸವಲ್ಲ, ಫ್ರೇಮಿನ ರಿಪೇರಿಯೂ ನನಗೇ ಕೊಟ್ಟಿದ್ದಾರೆ. ಒಂಬತ್ತಕ್ಕೆ ಹೋದರೆ ಆರಕ್ಕೆ ಬರುತ್ತೇನೆ. ಹಗಲು ಎದುರುಮನೆ ನರ್ಸಮ್ಮ ಎರಡು ಮೂರು ಸಲ ಬಂದು ಅಮ್ಮನನ್ನು ನೋಡಿ ಹೋಗುತ್ತಾರೆ. ರಿಟೈರಾದರೂ ಡ್ಯೂಟಿ ಬಿಟ್ಟಿಲ್ಲ.

ನಿನ್ನ
ಗುಬ್ಬಿ


ಫೆಬ್ರವರಿ ೮

ಇವರಿಗೆ,

ಹೊಸ ಕೀಬೋರ್ಡಿನ ಮೊದಲ ಕಾಗದ. ತಪ್ಪಿದ್ದರೆ ಕೆಂಪು ಇಂಕಿನಲ್ಲಿ ಗುರುತು ಮಾಡಿ ಕಳಿಸಿ. ಇರುವುದಿಲ್ಲ.

ನಿಮ್ಮ ಆಯ್ಕೆಗೆ ಹೆಸರಿಡುವ ಹಾಗಿಲ್ಲ. ಒತ್ತಿದರೆ ಟಕ್ ಎನ್ನುತ್ತದೆ, ಆಮೇಲೆ ತಾನೇ ಬೆರಳನ್ನು ಎತ್ತಿ ವಾಪಸು ಕೊಡುತ್ತದೆ. ಇದು ನನಗೆ ಬಹಳ ಹಿಡಿಸಿತು. ನನ್ನ ಟೈಪಿಂಗ್ ಕ್ಲಾಸಿನ ಹಳೇ ಮಿಷನ್ನುಗಳು ಹೀಗೇ ಇದ್ದವು. ನೀವು ರಿಪೇರಿಗೆಂದು ಬಂದು, ಏನೂ ಕೆಡದ ಮೂರನೇ ನಂಬರ್ ಮಿಷನ್ನನ್ನು ಒಂದು ವಾರ ಬಿಚ್ಚಿಟ್ಟುಕೊಂಡು ಕೂತಿದ್ದಿರಿ. ನನಗೆ ಮೊದಲ ದಿನವೇ ಗೊತ್ತಾಗಿತ್ತು. ಹುಡುಗಿಯರಿಗೂ ಗೊತ್ತಾಗಿತ್ತು.

ನರ್ಸಮ್ಮನಿಗೆ ಈ ಸದ್ದು ಅವರ ಅಡುಗೆಮನೆಗೆ ಕೇಳುತ್ತದಂತೆ. "ನೀನು ಮಾತಾಡ್ತಿದೀಯ ಅಂತ ಗೊತ್ತಾಗ್ತಾ ಇದ್ರೆ ನಂಗೆ ನೆಮ್ಮದಿ" ಎಂದರು. ಒಂದು ಹೊತ್ತು ಸದ್ದು ನಿಂತರೆ ಬಂದು ಇಣುಕುತ್ತಾರೆ.

ಮಗಳು ಬಡವಾಗಿದ್ದಾಳೆ. ಅವಳಿಗೆ ಬೈಯುವುದನ್ನು ಕಡಿಮೆ ಮಾಡಿ. ಸ್ವೆಟರ್ ಹಾಕಿಕೊಳ್ಳಿ.

ಇತಿ
ಟೀಚರಮ್ಮ


ಮಾರ್ಚ್ ೧೫

ಗುಬ್ಬಿ,

ಅಮ್ಮನ ಮೊದಲ ಕಾಗದವನ್ನು ಎಷ್ಟು ಸಲ ಓದಿದೆನೋ. ಅಕ್ಕಪಕ್ಕದವರಿಗೂ ಓದಿ ಹೇಳಿದೆ, ಮೂರನೇ ನಂಬರ್ ಮಿಷನ್ನಿನ ಸಂಗತಿಯೊಂದನ್ನು ಬಿಟ್ಟು. ನಿನ್ನೆ ಬಂದದ್ದರಲ್ಲಿ ಎಂಟೇ ಸಾಲು. ಅವಳು ಮಾತು ಕಡಿಮೆ ಮಾಡುವ ಪೈಕಿಯಲ್ಲ. ಭಾರ ಆಗುತ್ತಿದೆ ಅಂತ ಅರ್ಥ. ಅದನ್ನು ಅವಳು ಬಾಯಿಬಿಟ್ಟು ಹೇಳುವುದಿಲ್ಲ.

ಮತ್ತೆ ತೂಕ ಮಾಡು. ಈ ಸಲ ಮೊಣಕೈಯನ್ನು ದಿಂಬಿನ ಮೇಲಿಟ್ಟು, ಭುಜವನ್ನು ನೀನು ಹಿಡಿದುಕೋ. ಆಗಿನ ಎಪ್ಪತ್ತೆರಡರ ಮೇಲೆ ನನಗೆ ಅನುಮಾನವಿದೆ. ಐವತ್ತಕ್ಕಿಂತ ಕೆಳಗಿದ್ದರೆ ಕೆಂಪು ಹಾಕು. ಹಳೇ ಸ್ವಿಚ್ಚನ್ನು ಕೀಳುವಾಗ ಎರಡೂ ಬದಿ ಒತ್ತಿ ನೇರ ಮೇಲಕ್ಕೆ ಎಳೆ. ಹೊಸದನ್ನು ಕೂರಿಸುವಾಗ ಕೆಳಗಿನ ಎರಡು ತಂತಿಕಾಲು ನೆಟ್ಟಗಿವೆಯೇ ನೋಡು. ಬಗ್ಗಿದ್ದರೆ ಚಿಮಟದಿಂದ ನೆಟ್ಟಗೆ ಮಾಡು, ಒತ್ತಾಯ ಮಾಡಬೇಡ. ಚಿತ್ರ ಬರೆಯಲಿಲ್ಲ.

ಇಲ್ಲಿನ ಆಫೀಸಿನ ಕೀಬೋರ್ಡು ಕೆಟ್ಟಿದೆ. ಹತ್ತು ನಿಮಿಷದ ಕೆಲಸ. "ನಾನು ನೋಡ್ಲಾ ಸಾರ್?" ಅಂದೆ. ಸ್ಕ್ರೂಡ್ರೈವರನ್ನು ಮುಟ್ಟುವ ಹಾಗಿಲ್ಲವಂತೆ. ಅವರು ಒಂದೇ ಬೆರಳಲ್ಲಿ ಕುಟ್ಟುವುದನ್ನು ನೋಡುತ್ತಾ ಕೈಕಟ್ಟಿ ನಿಂತಿದ್ದೆ. ಹೊಟ್ಟೆ ಉರಿಯುತ್ತದೆ ಕಣೇ.

ನಿನ್ನ
ಅಪ್ಪ


ಏಪ್ರಿಲ್ ೧೧

ಅಪ್ಪಾ,

ನಿನ್ನ ಅನುಮಾನ ನಿಜ. ಅವತ್ತು ಅಮ್ಮ ಮೋಸ ಮಾಡಿದ್ದಳು. ಇಡೀ ಮೈ ವಾಲಿಸಿ ಭುಜದಿಂದ ಒತ್ತಿದ್ದಾಳೆ, ನಾನು ಯಂತ್ರದ ಅಂಕಿಯನ್ನು ನೋಡುತ್ತಾ ಕೂತಿದ್ದೆ. ಪರೀಕ್ಷೆಯಲ್ಲಿ ಕಾಪಿ ಹೊಡೆದ ಹುಡುಗಿಯರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳು ಇವಳೇ! ಭುಜ ಹಿಡಿದು ನೋಡಿದರೆ ನಲವತ್ತಾರು. ಆ ಎರಡು ತಿಂಗಳು ಅಷ್ಟು ಭಾರವನ್ನು ಹೇಗೆ ಒತ್ತಿದಳೋ.

ಎಂಬತ್ನಾಲ್ಕು ಸ್ವಿಚ್ಚನ್ನೂ ಕಿತ್ತು ಕೆಂಪು ಹಾಕಿದೆ. ಕನ್ನಡಕದ ಚಿಮಟ ಕೈಗೆ ಬಂತು. ಮೂರು ವಾರ ಚೆನ್ನಾಗಿ ನಡೆಯಿತು. ಮೊನ್ನೆ ತೂಗಿದರೆ ಮೂವತ್ತೊಂಬತ್ತು. ನಾವು ಸ್ವಿಚ್ಚು ಹುಡುಕುವಷ್ಟರಲ್ಲಿ ಬೆರಳು ಇನ್ನೂ ಕೆಳಗೆ ಹೋಗಿರುತ್ತದೆ ಅಪ್ಪಾ. ಬಿಳಿಗೆ ಹೇಳಿದ್ದೇನೆ.

ಈಗ ಹೇಳುವುದನ್ನು ಸಿಟ್ಟಾಗದೆ ಓದು. ಹೋದ ಬುಧವಾರ ನಾನು ಕೆಲಸಕ್ಕೆ ಹೋದ ಅರ್ಧ ಗಂಟೆಗೆ ಕೀಬೋರ್ಡಿನ ಸೆಲ್ ಮುಗಿದಿದೆ. ಹೊಸ ಸೆಲ್ ಅವಳ ಕಣ್ಣೆದುರೇ ಮೇಜಿನ ಮೇಲಿತ್ತು. ಹಾಕಲು ಕೈ ಇಲ್ಲ, ಕರೆಯಲು ಬಾಯಿ ಇಲ್ಲ. ಕೆಂಪು ಸ್ವಿಚ್ಚಿಗೆ ಸದ್ದೂ ಇಲ್ಲವಲ್ಲ, ನಿಂತಿದ್ದು ನರ್ಸಮ್ಮನಿಗೆ ಗೊತ್ತಾಗಲಿಲ್ಲ. ಅವರು ಬಂದಾಗ ಅಮ್ಮ ಕಣ್ಣು ಮುಚ್ಚಿದ್ದಳಂತೆ, ನಿದ್ದೆ ಅಂದುಕೊಂಡು ವಾಪಸು ಹೋದರು. ಆರಕ್ಕೆ ಬಂದು ನೋಡುತ್ತೇನೆ, ಮಡಿಲಲ್ಲಿ ನೀರಿನ ಲೋಟ ಉರುಳಿದೆ, ಬಟ್ಟೆಯೆಲ್ಲ ಒದ್ದೆ, ಕೂತಲ್ಲೇ ನಡುಗುತ್ತಿದ್ದಾಳೆ. ಎಂಟು ಗಂಟೆ ಹಾಗೇ ಕೂತಿದ್ದಾಳೆ ಅಪ್ಪಾ. ಸೆಲ್ ಹಾಕಿದ ಮೇಲೆ ಅವಳು ಟೈಪ್ ಮಾಡಿದ ಮೊದಲ ಮಾತು 'ನಿನ್ನ ಊಟ ಆಯಿತೇ'. ನಾನು ಬಚ್ಚಲಿಗೆ ಹೋಗಿ ಅತ್ತೆ.

ಚಾರ್ಜು ಮಾಡುವಂಥದ್ದನ್ನು ತರುತ್ತೇನೆ. ವಾರಕ್ಕೆ ಎರಡು ಸಲ ಹಾಕಿದರೆ ಸಾಕು, ಯಾವತ್ತೂ ಖಾಲಿಯಾಗುವುದಿಲ್ಲ. ನಿನ್ನ ಭಯ ನನಗೆ ಅರ್ಥವಾಗುತ್ತದೆ. ಆದರೆ ಆ ಭಯದಲ್ಲಿ ದಿನವಿಡೀ ಕೂರುವವಳು ಅಮ್ಮ. ಬೇಡ ಅನ್ನಬೇಡ.

ನಿನ್ನ
ಗುಬ್ಬಿ


ಏಪ್ರಿಲ್ ೨೬

ಗುಬ್ಬಿ,

ತಗೋ. ನಿನ್ನ ಕಾಗದ ಓದಿದ ಮೇಲೆ ಬೇಡ ಎನ್ನಲು ನಾನು ಯಾರು.

ಪೆರೋಲ್ ರಜೆಗೆ ಹಾಕಿದ್ದ ಅರ್ಜಿ ತಿರಸ್ಕಾರವಾಗಿದೆ. ಹೆಂಡತಿಯ ಕಾಯಿಲೆ ಕಾರಣವಾಗಬೇಕಾದರೆ ಅದು ಕೊನೆಯ ಹಂತ ಎಂದು ಬರೆದುಕೊಡಬೇಕಂತೆ. ಹಾಗೆ ಬರೆಸಿಕೊಂಡು ಬಾ ಎಂದು ನಿನಗೆ ಯಾವ ಬಾಯಲ್ಲಿ ಹೇಳಲಿ.

ಒಂದು ಸಂಗತಿಯನ್ನು ನಿನಗೆ ನೇರವಾಗಿ ಯಾವತ್ತೂ ಹೇಳಿಲ್ಲ, ಕೋರ್ಟಿನಲ್ಲಿ ಕೇಳಿದ್ದೀಯ ಅಷ್ಟೆ. ಆ ಹಿರಿಯರು ಅಂಗಡಿಗೆ ತಂದದ್ದು ಲ್ಯಾಪ್‌ಟಾಪಿನ ಉಬ್ಬಿದ ಬ್ಯಾಟರಿ. ಹೊಸದು ಬರಲು ಹದಿನೈದು ದಿನವಾಗುತ್ತಿತ್ತು. ಮೊಮ್ಮಗಳ ಜೊತೆ ಮಾತಾಡಬೇಕು, ಬೇಗ ಕೊಡಿ ಅಂದರು. ನಾನೇ ಒಳಗಿನ ಸೆಲ್‌ಗಳನ್ನು ಬದಲಿಸಿ ಕಟ್ಟಿಕೊಟ್ಟೆ. ಚಾರ್ಜಿಗೆ ಹಾಕಿ ನೋಡಿದೆ, ದೀಪ ಹತ್ತಿತು, ಸರಿಯಾಗಿದೆ ಎಂದು ಕಳಿಸಿದೆ. ಒಂದು ಸಲ ಅಂಗೈ ಇಟ್ಟು ನೋಡಿದ್ದರೆ ಬಿಸಿ ಗೊತ್ತಾಗುತ್ತಿತ್ತು. ಇಪ್ಪತ್ತೆರಡು ವರ್ಷ ಪ್ರತಿಯೊಂದಕ್ಕೂ ಅಂಗೈ ಇಟ್ಟವನು, ಅವತ್ತೊಂದು ದಿನ ಇಡಲಿಲ್ಲ. ಅವರ ಮನೆ ಸುಟ್ಟಿತು, ಅವರೂ ಒಳಗಿದ್ದರು. ಕಣ್ಣು ಮುಚ್ಚಿದರೆ ಆ ದೀಪವೇ ಕಾಣುತ್ತದೆ.

ಅಮ್ಮ ಇದರ ಬಗ್ಗೆ ಒಂದು ಸಾಲೂ ಬರೆದಿಲ್ಲ. ಬೈದೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯದೆಯೇ ಅವಳ ಕೈ ನಿಂತುಬಿಟ್ಟರೆ ನಾನೇನು ಮಾಡಲಿ?

ಆದ್ದರಿಂದ ಒಂದು ಮಾತು ಕೊಡು. ನೀವು ಮಲಗಿದಾಗ ಚಾರ್ಜಿಗೆ ಹಾಕಬಾರದು. ಹಗಲಿನಲ್ಲೇ ಹಾಕಬೇಕು. ಹಾಕಿದಾಗ ಯಾರಾದರೂ ಆಗಾಗ ಅಂಗೈ ಇಟ್ಟು ನೋಡಬೇಕು. ಬೆಚ್ಚಗಾದರೆ ಪರವಾಗಿಲ್ಲ, ಬಿಸಿಯಾದರೆ ಕಿತ್ತು ಬಿಸಾಕಿ. ಈ ಕಾಗದವನ್ನು ಅಮ್ಮನಿಗೂ ಓದಿ ಹೇಳು.

ನಿನ್ನ
ಅಪ್ಪ


ಜೂನ್ ೨

ಇವರಿಗೆ,

ಹೊಸದು ಬಂತು. ಬಿಳಿ ಸ್ವಿಚ್ಚು. ಬಹಳ ಹಗುರ. ಬೆರಳು ಕೆಳಗೆ ಹೋದದ್ದೂ ತಿಳಿಯದು, ಮೇಲೆ ಬಂದದ್ದೂ ತಿಳಿಯದು. ನೀಲಿ ಎತ್ತಿ ಕೊಡುತ್ತಿತ್ತು. ಅದೇ ಚೆನ್ನಾಗಿತ್ತು.

ನಿಮ್ಮ ಏಪ್ರಿಲ್ ಕಾಗದ ಕೇಳಿದೆ. ಉತ್ತರ ಬರೆಯುತ್ತೇನೆ. ಇವತ್ತು ಬೆರಳು ದಣಿದಿದೆ.

ಇತಿ
ಟೀಚರಮ್ಮ


ಜುಲೈ ೧೪

ಗುಬ್ಬಿ,

ಆರು ವಾರ ಕಾದೆ. ಅಮ್ಮ ಉತ್ತರ ಬರೆಯುತ್ತೇನೆ ಎಂದಿದ್ದಳು. ಇವತ್ತು ಲಕೋಟೆ ಬಂತು, ದಪ್ಪಗಿತ್ತು. ಬಿಚ್ಚಿದರೆ ಎರಡು ಪುಟದ ತುಂಬ ಕ ಕ ಕ ಕ. ಒಂದು ಪದವಿಲ್ಲ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಹುಡುಕಿದೆ, ಮಧ್ಯೆ ಎಲ್ಲಾದರೂ ಏನಾದರೂ ಇದ್ದೀತೆಂದು. ಎಣಿಸಿದೆ. ಎರಡು ಸಾವಿರದ ಒಂಬೈನೂರ ನಲವತ್ತು.

ಕೀ ಸಿಕ್ಕಿಕೊಂಡಿದೆ! ಹೊಸ ಕೀಬೋರ್ಡಿನ ಕೀ ಸಿಕ್ಕಿಕೊಂಡಿದ್ದು ನಿನ್ನ ಗಮನಕ್ಕೆ ಬರಲಿಲ್ಲವೇ? ಪ್ರಿಂಟ್ ತೆಗೆಯುವಾಗ ಓದಬಾರದು ಅಂದರೆ ಕಣ್ಣನ್ನೇ ಬಿಡಬಾರದು ಅಂತಲೇ? ಅವಳು ವಾರವಿಡೀ ಕಷ್ಟಪಟ್ಟು ಬರೆದದ್ದನ್ನು ಈ ಹಾಳು ಕೀ ಅಳಿಸಿಹಾಕಿರಬಹುದು. ಆ ಉತ್ತರ ನನಗೆ ಬೇಕಾಗಿತ್ತು ಕಣೇ.

ಕೆಲಸ ಹೀಗೆ ಮಾಡು. 'ಕ' ಕೀಯ ಟೋಪಿ ತೆಗೆ. ಸ್ವಿಚ್ಚು ಕಿತ್ತು ಬೆಳಕಿಗೆ ಹಿಡಿ, ಧೂಳೋ ತಿಂಡಿಯ ಚೂರೋ ಇದ್ದರೆ ಊದು. ನಡುವಿನ ಕಡ್ಡಿಯನ್ನು ಇಪ್ಪತ್ತು ಸಲ ಒತ್ತಿ ಬಿಡು, ತಡೆದರೆ ಬಿಸಾಕು. ಮಿಕ್ಕವುಗಳಲ್ಲಿ ಒಂದನ್ನು ಹಾಕು. ಆಮೇಲೆ ಅಕ್ಕಪಕ್ಕದ ಕೀಗಳನ್ನೂ ಪರೀಕ್ಷೆ ಮಾಡು. ಇವತ್ತೇ ಮಾಡು.

ಅಪ್ಪ


ಜುಲೈ ೨೯

ಅಪ್ಪಾ,

ಕೀ ಕೆಟ್ಟಿಲ್ಲ.

ನೀನು ಹೇಳಿದ ಹಾಗೆಯೇ ಕಿತ್ತು ನೋಡಿದೆ. ಧೂಳಿಲ್ಲ, ತಡೆಯುವುದಿಲ್ಲ. ಆದರೂ ಹೊಸದು ಹಾಕಿದೆ. ಅಷ್ಟು ಹೊತ್ತೂ ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ನರ್ಸಮ್ಮನನ್ನು ಕೇಳಿದೆ.

"ಕೀಬೋರ್ಡ್ ಚಾರ್ಜಿಗೆ ಹಾಕಿದಾಗೆಲ್ಲ ಅಮ್ಮ ಕೈಯನ್ನ ಎಳ್ಕೊಂಡು ಎಳ್ಕೊಂಡು ಅದರ ಮೇಲಿಡ್ತಾರೆ ಕಣೇ" ಎಂದರು. "ನಾನು ಬಂದು ಕೈ ಎತ್ತಿ ವಾಪಸ್ ಮಡಿಲಲ್ಲಿ ಇಡ್ತೀನಿ. ಅವತ್ತು ಬರೋದು ತಡ ಆಯ್ತು. ಸ್ಕ್ರೀನಲ್ಲಿ ಅಕ್ಷರ ಓಡ್ತಾ ಇತ್ತು, ಅಪ್ಪನಿಗೆ ಬರೀತಿದಾರೆ ಅಂದ್ಕೊಂಡು ಸುಮ್ನೆ ಕಾದೆ."

ಹಗಲಿನಲ್ಲೇ ಹಾಕು ಅಂದಿದ್ದೆಯಲ್ಲ. ಅಂಗೈ ಇಟ್ಟು ನೋಡಿ ಅಂದಿದ್ದೆಯಲ್ಲ. ಹಗಲು ನಾನು ಮನೆಯಲ್ಲಿರುವುದಿಲ್ಲ. ಅದು ಅಮ್ಮನ ಕೆಲಸವಾಯಿತು. ಅಂಗೈಯನ್ನು ಅಂಚಿನ ಮೇಲಿಟ್ಟಿದ್ದಾಳೆ, ನಡುಬೆರಳು 'ಕ' ಮೇಲೆ ಬಿದ್ದಿದೆ. ಆಮೇಲೆ ಎತ್ತಲು ಆಗಿಲ್ಲ. ಕೈ ನಡುಗಿ ಅಕ್ಷರ ಎರಡೆರಡು ಸಲ ಬೀಳದಿರಲೆಂದು ನಾನೇ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಬೀಳದ ಹಾಗೆ ಮಾಡಿದ್ದೆ. ನೀನು ಎಣಿಸಿದ್ದನ್ನು ಅರವತ್ತರಿಂದ ಭಾಗಿಸಿದೆ. ನಲವತ್ತೊಂಬತ್ತು ನಿಮಿಷ.

ಒತ್ತಲು ಎಷ್ಟು ಬೇಕು ಎಂದು ನಾವಿಬ್ಬರೂ ಗ್ರಾಂ ಗ್ರಾಂ ತೂಗಿದೆವು. ಎತ್ತಲು ಏನು ಬೇಕು ಎಂದು ಯಾರೂ ಕೇಳಲಿಲ್ಲ. ಮೂವತ್ತೈದು ಗ್ರಾಮಿನ ಸ್ಪ್ರಿಂಗಿಗೆ ಅವಳ ಬೆರಳನ್ನು ವಾಪಸು ಕಳಿಸುವ ಶಕ್ತಿ ಇಲ್ಲ. ಅದಿರುವ ಸ್ವಿಚ್ಚನ್ನು ಒತ್ತುವ ಶಕ್ತಿ ಅವಳಿಗಿಲ್ಲ. ನಡುವೆ ಯಾವ ಬಣ್ಣವೂ ಇಲ್ಲ ಅಪ್ಪಾ, ಎಲ್ಲ ಅಂಗಡಿಯಲ್ಲೂ ಕೇಳಿದೆ. ಇದನ್ನೇನಾದರೂ ಅಮ್ಮ ನಿನಗೆ ಮೊದಲೇ ಬರೆದಿದ್ದಳಾ? ನಾನು ಓದುವುದಿಲ್ಲವಲ್ಲ, ನನಗೆ ಗೊತ್ತಿಲ್ಲ.

"ನೀಲಿ ಹಾಕ್ಲಾ ಅಮ್ಮಾ?" ಅಂದೆ. ಕಣ್ಣು ಮುಚ್ಚಿ ತೆರೆದಳು. ಹೂಂ ಅಂತ. ಎಂಬತ್ನಾಲ್ಕನ್ನೂ ಮತ್ತೆ ಬದಲಿಸಿದೆ. ಈಗ ಅವಳ ಬೆರಳಿನ ಮೇಲೆ ನನ್ನ ಬೆರಳಿಟ್ಟು ನಾನು ಒತ್ತುತ್ತೇನೆ, ಸ್ಪ್ರಿಂಗು ಎರಡನ್ನೂ ಎತ್ತಿ ಕೊಡುತ್ತದೆ. ಯಾವ ಕೀ ಎಂದು ಕಣ್ಣಲ್ಲಿ ತೋರಿಸುತ್ತಾಳೆ. ಕಣ್ಣು ನೋಡಿಕೊಂಡು ನಾನೊಬ್ಬಳೇ ಒತ್ತಿದರೆ ಬೇಗ ಆಗುತ್ತದೆ, ಆದರೆ ಹಾಗೆ ಮಾಡಿದರೆ ಗುರಾಯಿಸುತ್ತಾಳೆ. ತನ್ನ ಬೆರಳೇ ಇರಬೇಕು.

ಒಂದು ಭಾನುವಾರ ಇಡೀ ಕೂತು ಬರೆದದ್ದು ಕೆಳಗಿದೆ. ಓದಬಾರದೆಂಬ ಕಾನೂನು ಮುರಿದೆ. ಕ್ಷಮಿಸು. ಬೇರೆ ದಾರಿ ಇರಲಿಲ್ಲ.

ನಿನ್ನ
ಗುಬ್ಬಿ


ಇವರಿಗೆ,

ಪ್ರತಿ ಸಲವೂ ಅಂಗೈ ಇಟ್ಟು ನೋಡಿದೆ. ಬಿಸಿ ಆಗಿಲ್ಲ.

ಇತಿ
ಟೀಚರಮ್ಮ